ರಾಖಿಯ ನೂಲು

ಶ್ರಾವಣ ಬಂದಿತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಕಣ್ಣೆಲ್ಲ ತವರಿನ ದಾರಿಯ ಮೇಲೆ. ಅಣ್ಣ ಕರೆಯಲು ಬರಬೇಕು, ಜೋಕಾಲಿ ಜೀಕಬೇಕು, ಉಂಡಿ ಹಂಚಬೇಕು, ಮರಳಿ ಹೊರಡುವಾಗ ಕುಬಸದ ಒಂದು ಖಣ ಕೈಗೆ ಬರಬೇಕು. ಇದು ನಮ್ಮ ಪಂಚಮಿ. ಅದಾದ ಹತ್ತು ದಿನಕ್ಕೆ ನೂಲ ಹುಣ್ಣಿಮೆ. ಉತ್ತರ ದೇಶದಲ್ಲಿ ಅಂದು ತಂಗಿಯು ಅಣ್ಣನ ಮುಂಗೈಗೆ ರಾಖಿ ಕಟ್ಟುತ್ತಾಳೆ. ಈಗ ನಮ್ಮ ಪೇಟೆಗಳಲ್ಲಿಯೂ ಅವು ಸಾಲುಸಾಲಾಗಿ ತೂಗುತ್ತವೆ.

ಒಡಹುಟ್ಟಿದವನಿಗೆ ಕಟ್ಟುವುದು ಸರಿಯೇ. ಅವನು ನೂಲಿಲ್ಲದಿದ್ದರೂ ಅಣ್ಣನೇ. ಒಡಹುಟ್ಟದವನಿಗೆ ಕಟ್ಟಿದರೆ ಏನಾದೀತು? ಇತಿಹಾಸ ಈ ಪ್ರಶ್ನೆಯನ್ನು ಎರಡು ಮೂರು ಸಲ ಕೇಳಿದೆ.

ಚಿತ್ತೂರಿನ ರಾಣಿ ಕರ್ಣಾವತಿಯ ಕಥೆ ನಿಮಗೆಲ್ಲ ಗೊತ್ತು. ಗುಜರಾತಿನ ಸುಲ್ತಾನ ಬಹಾದ್ದೂರ ಶಹನು ಕೋಟೆಗೆ ಮುತ್ತಿಗೆ ಹಾಕಿದಾಗ ಆಕೆ ಮೊಗಲ ಬಾದಶಹ ಹುಮಾಯೂನನಿಗೆ ರಾಖಿ ಕಳಿಸಿದಳಂತೆ. ಅವನು ಹೊರಟು ಬಂದನಂತೆ, ಆದರೆ ತಡವಾಯಿತಂತೆ. 1535ರಲ್ಲಿ ಚಿತ್ತೂರು ಬಿದ್ದದ್ದು ನಿಜ, ಹುಮಾಯೂನನು ಅದೇ ವರ್ಷ ಬಹಾದ್ದೂರನನ್ನು ಸೋಲಿಸಿದ್ದೂ ನಿಜ. ಆದರೆ ಅವರಿಬ್ಬರ ವೈರಕ್ಕೆ ಬೇರೆ ಕಾರಣವಿತ್ತು: ಹುಮಾಯೂನನ ಶತ್ರುವೊಬ್ಬನಿಗೆ ಬಹಾದ್ದೂರನು ಆಶ್ರಯ ಕೊಟ್ಟಿದ್ದನು. ಆ ಕಾಲದ ಪಾರಸಿ ಚರಿತ್ರೆಗಳಲ್ಲಿ ರಾಖಿಯ ಸುದ್ದಿಯೇ ಇಲ್ಲ. ಈ ಕಥೆಯನ್ನು ಲೋಕಕ್ಕೆ ಹರಡಿದ್ದು 1829ರಲ್ಲಿ ಅಚ್ಚಾದ ಕರ್ನಲ್ ಜೇಮ್ಸ್ ಟಾಡನ ರಾಜಸ್ಥಾನದ ಇತಿಹಾಸ. ಕೇಳಲು ಇಂಪಾಗಿದೆಯೆಂದು ಎಲ್ಲವನ್ನೂ ಚರಿತ್ರೆಯೆಂದು ನಂಬಬೇಕಾಗಿಲ್ಲ.

ಈ ಟಾಡನ ಸ್ವಂತ ಅನುಭವ ಮಾತ್ರ ನಂಬತಕ್ಕದ್ದು. ಇವನು ಕಂಪನಿ ಸರಕಾರದ ಅಧಿಕಾರಿ, ಬಿಳಿಯ ದೊರೆ. ಆದರೂ ಉದಯಪುರ, ಬೂಂದಿ, ಕೋಟಾಗಳ ರಾಣಿಯರು ಇವನಿಗೆ ರಾಖಿ ಕಳಿಸಿದ್ದರು. ರಾಖಿ ಸ್ವೀಕರಿಸಿದ ಅಣ್ಣನು ತಿರುಗಿ ಏನು ಕಳಿಸಬೇಕು? ಕುಬಸ! ರೇಷ್ಮೆಯದೋ ಜರಿಯದೋ, ಅವನ ಶಕ್ತಿಯಂತೆ. ನಮ್ಮ ಪಂಚಮಿಯ ಖಣವೂ ರಾಜಪುತರ ಕುಬಸವೂ ಒಂದೇ ಮಾತನ್ನು ಹೇಳುತ್ತವೆ, ನೋಡಿರಿ. ಕಟ್ಟಿಸಿಕೊಂಡವನ ಮೇಲೆ ಋಣ ಬೀಳುತ್ತದೆ. ಬೂಂದಿಯ ರಾಜ ತೀರಿಕೊಂಡಾಗ ವಿಧವೆ ರಾಣಿಯು ಈ ನೂಲಿನ ಅಣ್ಣನನ್ನು ನಂಬಿದಳು. ಎಳೆಯ ರಾಜಕುಮಾರನ ಹಿತ ನೋಡುವ ಹೊಣೆಯನ್ನು ಟಾಡನು ಹೊತ್ತನು.

ಇನ್ನು ಬಂಗಾಳಕ್ಕೆ ಬರೋಣ. ಲಾರ್ಡ್ ಕರ್ಜನ್ ಆ ಪ್ರಾಂತವನ್ನು ಎರಡು ಹೋಳು ಮಾಡಿದನು. ಪೂರ್ವದ ಹೋಳಿನಲ್ಲಿ ಸುಮಾರು 3 ಕೋಟಿ 10 ಲಕ್ಷ ಜನ, ಅವರಲ್ಲಿ 1 ಕೋಟಿ 80 ಲಕ್ಷ ಮುಸಲ್ಮಾನರು. ವಿಭಜನೆ ಜಾರಿಗೆ ಬಂದದ್ದು 1905ರ ಅಕ್ಟೋಬರ್ 16ರಂದು. ಶ್ರಾವಣವಲ್ಲ, ಹುಣ್ಣಿಮೆಯಲ್ಲ, ಆದರೂ ಅಂದು ರಾಖಿ ಕಟ್ಟಿರೆಂದು ರವೀಂದ್ರನಾಥ ಠಾಕೂರರು ಕರೆ ಕೊಟ್ಟರು. ಅನೇಕ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಠಾಕೂರರು ಬರಿಗಾಲಿನಲ್ಲಿ ಗಂಗೆಗೆ ನಡೆದು ಸ್ನಾನ ಮಾಡಿ, ಎದುರಿಗೆ ಬಂದವರಿಗೆಲ್ಲ ನೂಲು ಕಟ್ಟಿದರು. ದಾರಿಯಲ್ಲಿ ಒಂದು ಕುದುರೆಲಾಯ ಸಿಕ್ಕಿತು. ಕುದುರೆ ತಿಕ್ಕುತ್ತಿದ್ದ ಮುಸಲ್ಮಾನ ಆಳುಗಳಿಗೂ ಕಟ್ಟಿ ಆಲಿಂಗಿಸಿದರು. ಆಮೇಲೆ ಚಿತ್ಪುರದ ಮಸೀದಿಗೆ ಹೊರಟರು. ಜೊತೆಗಿದ್ದ ಅಣ್ಣನ ಮಗ, ಚಿತ್ರಕಾರ ಅವನೀಂದ್ರನಾಥರು, ಜಗಳವಾದೀತೆಂದು ಹೆದರಿ ಮೆಲ್ಲನೆ ಮನೆಗೆ ಜಾರಿಕೊಂಡರು! ಇದನ್ನು ಮುಂದೆ ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಜಗಳವೇನೂ ಆಗಲಿಲ್ಲ. ಮೌಲವಿಗಳು ನಗುತ್ತ ಕೈ ಒಡ್ಡಿದರು.

1911ರಲ್ಲಿ ಸರಕಾರ ವಿಭಜನೆಯನ್ನು ರದ್ದುಮಾಡಿತು. ನೂಲು ಗೆದ್ದಿತೆಂದು ಹೇಳಿಬಿಡಬಹುದಾಗಿತ್ತು. ಆದರೆ ಪೂರ್ವ ಬಂಗಾಳದ ಬಡ ಮುಸಲ್ಮಾನ ರೈತರು ಬಹುಮಟ್ಟಿಗೆ ಚಳವಳಿಯೊಳಗೆ ಬಂದಿರಲಿಲ್ಲ. ವಿಲಾಯತಿ ಬಟ್ಟೆ ಬಿಡಿರೆಂದು ಅವರಿಗೆ ಹೇಳಿದರು. ಸ್ವದೇಶಿ ಬಟ್ಟೆಯ ಬೆಲೆ ಅವರಿಗೆ ನಿಲುಕುತ್ತಿರಲಿಲ್ಲ. ಮುಂಗೈಗೆ ನೂಲು ಬಂದಿತು, ಕುಬಸ ಬರಲಿಲ್ಲ. 1947ರಲ್ಲಿ ಬಂಗಾಳ ಮತ್ತೆ ಒಡೆಯಿತು.

ಠಾಕೂರರು ಇದನ್ನು ಬಲು ಮೊದಲೇ ಕಂಡಿದ್ದರು. ರಾಖಿ ಕಟ್ಟಿದ ಕೆಲವು ವರ್ಷಗಳ ಮೇಲೆ ಒಂದು ಪ್ರಬಂಧದಲ್ಲಿ ಅವರು ಹೇಳಿದ ಸಂಗತಿ ಇದು: ಒಬ್ಬ ಹಿಂದೂ ಸ್ವದೇಶಿ ಪ್ರಚಾರಕನು ನೀರು ಕುಡಿಯಬೇಕಾಗಿತ್ತು. ಜೊತೆಗೇ ದುಡಿಯುತ್ತಿದ್ದ ಮುಸಲ್ಮಾನ ಗೆಳೆಯನು ಅದೇ ಪಡಸಾಲೆಯಲ್ಲಿ ನಿಂತಿದ್ದನು. ಪ್ರಚಾರಕನು ಒಂದಿಷ್ಟೂ ಸಂಕೋಚವಿಲ್ಲದೆ, ತಾನು ನೀರು ಕುಡಿಯುವ ತನಕ ಕೆಳಗಿಳಿದು ನಿಲ್ಲಲು ಅವನಿಗೆ ಹೇಳಿದನು.