ಕರ್ನಾಟಕದ ಮನೆಗಳಲ್ಲಿ ಹೊಲಿಗೆ: ಒಂದು ಐತಿಹಾಸಿಕ ವಿವೇಚನೆ

ಮನೆಯಲ್ಲಿ ಬಟ್ಟೆ ಹೊಲಿಯುವ ವಿದ್ಯೆ ಅಳಿದುಹೋಗುತ್ತಿದೆಯೆಂಬ ಮಾತನ್ನು ಈಚೆಗೆ ಮೇಲಿಂದ ಮೇಲೆ ಕೇಳುತ್ತೇವೆ. ಅದನ್ನು ಒಪ್ಪುವುದಕ್ಕಾಗಲಿ ತಳ್ಳಿಹಾಕುವುದಕ್ಕಾಗಲಿ ಮೊದಲು ಚರಿತ್ರೆಯ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಯೊಂದುಂಟು: ಅಳಿಯುತ್ತಿರುವುದು ಯಾವ ವಿದ್ಯೆ, ಅದು ನಮ್ಮ ಮನೆಗಳಿಗೆ ಬಂದುದು ಯಾವಾಗ?

ನಮ್ಮ ನಾಡಿನ ಬಹುಜನರ ಉಡುಗೆಯಲ್ಲಿ ಹೊಲಿಗೆಗಿದ್ದ ಸ್ಥಾನ ಅಲ್ಪವಾದುದು. ಸೀರೆ, ಧೋತ್ರ, ಶಲ್ಯ, ರುಮಾಲುಗಳು ಮಗ್ಗದಿಂದ ಇಳಿದಂತೆಯೇ ಮೈಗೇರತಕ್ಕವು. ಕತ್ತರಿಗೆ ಅಲ್ಲಿ ಕೆಲಸವಿಲ್ಲ. ಕುಪ್ಪಸ, ಅಂಗಿ ಮೊದಲಾದ ಹೊಲಿದ ಉಡುಪುಗಳು ಇರಲಿಲ್ಲವೆಂದಲ್ಲ. ಆದರೆ ಅಳತೆಗೆ ಕತ್ತರಿಸಿ ಹೊಲಿಯುವುದು ಬಹುಮಟ್ಟಿಗೆ ಕಸುಬುದಾರನ ಕೆಲಸವಾಗಿದ್ದಿತು. ಅಮರಕೋಶದಲ್ಲಿಯೇ ಸೌಚಿಕ, ತುನ್ನವಾಯ ಎಂಬ ಹೆಸರುಗಳು ಅವನಿಗುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರೇ ಅವನ ವೃತ್ತಿಯನ್ನು ಸಾರುತ್ತದೆ. ವಿಜಯನಗರದ ಆಸ್ಥಾನಿಕರು ತೊಡುತ್ತಿದ್ದ, ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿ ಇಂದಿಗೂ ಕಾಣಬರುವ ಕಬಾಯಿ ಕುಳ್ಳಾಯಿಗಳು ಪಳಗಿದ ಕೈಯನ್ನೇ ಬೇಡುವಂತಹವು. ಸಿಂಪಿಗ, ಚಿಪ್ಪಿಗ, ದರ್ಜಿ ಎಂಬ ಮಾತುಗಳು ಈ ಕಸುಬಿನವರನ್ನೇ ಹೇಳುತ್ತವೆ.

ಹಾಗಾದರೆ ಮನೆಯ ಹೆಂಗಸಿನ ಕೈಯಲ್ಲಿ ಸೂಜಿ ಇರಲಿಲ್ಲವೆ? ಇದ್ದಿತು, ಅದರ ಕೆಲಸ ಬೇರೆಯಾಗಿದ್ದಿತು. ಹರಿದುದನ್ನು ಕೂಡಿಸುವುದು, ತೇಪೆ ಹಾಕುವುದು, ಹಳೆಯ ಸೀರೆ ಧೋತ್ರಗಳನ್ನು ಪದರಪದರವಾಗಿ ಹಾಸಿ ಅಂಚಿನಿಂದ ನಡುವಿಗೆ ಸಾಲುಸಾಲಾಗಿ ದಾರವೋಡಿಸಿ ಕೌದಿ ಮಾಡುವುದು. ಉತ್ತರ ಕರ್ನಾಟಕದಲ್ಲಿ ಕೂಸನ್ನು ಮಲಗಿಸುವುದು ಅಜ್ಜಿ ಹೊಲಿದ ಕೌದಿಯ ಮೇಲೆಯೇ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ ಸಿದ್ದಿ ಹೆಂಗಸರ ಕೌದಿಗಳಾದರೋ ಇಂದು ದೇಶಾಂತರದ ವಿದ್ವಾಂಸರ ಗಮನವನ್ನೂ ಸೆಳೆದಿವೆ. ಧಾರವಾಡ ಸೀಮೆಯ ಕಸೂತಿ ಇನ್ನೂ ಸೂಕ್ಷ್ಮವಾದುದು. ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೇ ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಅದು ಮೂಡಿಸುತ್ತದೆ. ಈ ಕೆಲಸಗಳಿಗೆ ಲಿಖಿತ ಆಧಾರ ತೀರ ವಿರಳ. ಕೂಲಿ ಪಡೆದ ದರ್ಜಿಯ ಹೆಸರು ಲೆಕ್ಕದ ಪುಸ್ತಕದಲ್ಲಿ ಸೇರುತ್ತದೆ. ಕೂಲಿಯಿಲ್ಲದ ಕೈಗಳಿಗೆ ಯಾವ ಕಡತವೂ ಇಲ್ಲ.

ಅಳತೆ ಹಿಡಿದು ಉಡುಪನ್ನು ಕತ್ತರಿಸಿ ಹೊಲಿಯುವ ವಿದ್ಯೆ ಮನೆಗಳಿಗೆ ವ್ಯಾಪಕವಾಗಿ ಬಂದುದು ಯಂತ್ರದೊಡನೆ. ಸಿಂಗರನು ತನ್ನ ಹೊಲಿಗೆಯಂತ್ರಕ್ಕೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದುದು 1851ರಲ್ಲಿ. ಆ ಶತಮಾನ ಮುಗಿಯುವುದರೊಳಗಾಗಿ ಅವನ ಸಂಸ್ಥೆಯ ಯಂತ್ರಗಳು ಭಾರತದ ಪೇಟೆಗಳಿಗೆ ಬಂದಿದ್ದವು. ಯಂತ್ರಗಳನ್ನು ಸಂಶಯದಿಂದ ಕಂಡ ಗಾಂಧೀಜಿಯವರೂ 1924ರಲ್ಲಿ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದರು. ಹೆಂಡತಿಯ ಶ್ರಮವನ್ನು ನೋಡಲಾರದೆ ಸಿಂಗರನು ಅದನ್ನು ರೂಪಿಸಿದನೆಂದು ಅವರು ನಂಬಿದ್ದರು. ಕಥೆ ಸೊಗಸಾದುದೇ, ಆದರೆ ಸಿಂಗರನು ಬಾಸ್ಟನ್ನಿನ ಕಾರ್ಯಾಗಾರವೊಂದರಲ್ಲಿ ಬೇರೊಬ್ಬರ ಯಂತ್ರದ ದೋಷವನ್ನು ತಿದ್ದಹೊರಟು ತನ್ನದನ್ನು ಕಂಡುಕೊಂಡನೆಂಬುದೇ ಇತಿಹಾಸ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರವನ್ನು ತಯಾರಿಸತೊಡಗಿದ ಮೇಲೆ ದೇಶೀಯ ಯಂತ್ರವೂ ದೊರೆಯುವಂತಾಯಿತು. ಮದುವೆಯ ಬಳುವಳಿಯಲ್ಲಿ ಹೊಲಿಗೆಯಂತ್ರ ಸೇರಿತು. ರವಿಕೆ, ಲಂಗ, ಮಕ್ಕಳ ಅಂಗಿಗಳು ಮನೆಯಲ್ಲಿಯೇ ಸಿದ್ಧವಾದವು. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಒಂದು ಯಂತ್ರವನ್ನು ನಂಬಿ, ಹೊಸ್ತಿಲು ದಾಟದೆ ಮಕ್ಕಳನ್ನು ಓದಿಸಿದರು. ಹೀಗೆ, ಪ್ರಾಚೀನವೆಂದು ನಾವು ಭಾವಿಸುವ ಈ ವಿದ್ಯೆಗೆ ಮೂರು ನಾಲ್ಕು ತಲೆಮಾರುಗಳಿಗಿಂತ ಹೆಚ್ಚಿನ ವಯಸ್ಸಿಲ್ಲ.

ಅದು ಈಗ ಕುಗ್ಗುತ್ತಿರುವುದಕ್ಕೆ ಸಿದ್ಧ ಉಡುಪು ಕಾರಣವೆನ್ನುವುದು ನಿಜ. ಆದರೆ ಅಷ್ಟಕ್ಕೆ ನಿಲ್ಲುವುದು ಸರಿಯಲ್ಲ. 1970ರ ದಶಕದಿಂದೀಚೆಗೆ ಬೆಂಗಳೂರಿನಲ್ಲಿ ರಫ್ತು ಉಡುಪಿನ ಕಾರ್ಖಾನೆಗಳು ಬೆಳೆದವು. ಜವಳಿ ವ್ಯಾಪಾರದ ಅಂತರರಾಷ್ಟ್ರೀಯ ಕೋಟಾ ಪದ್ಧತಿ 2005ರ ಆರಂಭದೊಡನೆ ಮುಗಿದ ಮೇಲೂ ಅವು ಉಳಿದುವು. ಅಲ್ಲಿ ದುಡಿಯುವ ಲಕ್ಷಾಂತರ ಮಂದಿಯಲ್ಲಿ ಬಹುಪಾಲು ಹೆಂಗಸರು. ಹೊಲಿಗೆಯಂತ್ರದ ಮುಂದೆ ಕುಳಿತ ಕನ್ನಡ ಹೆಂಗಸರ ಸಂಖ್ಯೆ ಹಿಂದೆ ಎಂದಾದರೂ ಇಷ್ಟಿದ್ದಿತೆ ಎಂಬುದು ಸಂದೇಹ. ಆದರೆ ಒಬ್ಬಾಕೆ ದಿನವೆಲ್ಲ ಕಾಲರನ್ನೇ ಕೂಡಿಸುತ್ತಾಳೆ, ಇನ್ನೊಬ್ಬಾಕೆ ತೋಳನ್ನೇ. ಬಟ್ಟೆ ಕತ್ತರಿಸುವ ವಿಭಾಗ ಬೇರೆ. ಹತ್ತು ವರ್ಷ ದುಡಿದು ಹೊರಬಂದವಳು ಒಂದು ಇಡೀ ರವಿಕೆಯನ್ನು ಕತ್ತರಿಸಲಾರದೆ ಹೋಗಬಹುದು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ನಿಯಮ ಬದಲಾದಾಗ ಈ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಬೀದಿಗಿಳಿದರು. ಸರಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಅವರ ಕೈಯಲ್ಲಿ ಸ್ವತಂತ್ರವಾಗಿ ಬದುಕಬಲ್ಲ ಪೂರ್ಣ ಕಸುಬು ಇದ್ದಿದ್ದರೆ ಆ ನಿಧಿಯ ಹಣ ಅಷ್ಟೊಂದು ಅನಿವಾರ್ಯವಾಗುತ್ತಿದ್ದಿತೆ ಎಂಬುದು ಯೋಚಿಸತಕ್ಕ ವಿಷಯ.

ಆದುದರಿಂದ ನಷ್ಟವಾಗುತ್ತಿರುವುದು ಹೊಲಿಗೆಯಲ್ಲ, ಕತ್ತರಿಯ ವಿದ್ಯೆ: ಅಳತೆಯ ರವಿಕೆಯನ್ನು ಮುಂದಿಟ್ಟುಕೊಂಡು ಕಂಕುಳ, ಕತ್ತು, ತೋಳುಗಳನ್ನು ಬಟ್ಟೆಯ ಮೇಲೆ ಗುರುತಿಸುವ ಲೆಕ್ಕಾಚಾರ. ಕೌದಿಯ ಸಂಗತಿ ಬೇರೆ. ಅದಕ್ಕೆ ಬೇಕಾದುದು ಸವೆದು ಮೃದುವಾದ ಹತ್ತಿಯ ಬಟ್ಟೆ. ಕೃತಕನೂಲಿನ ಸೀರೆಗಳ ಕಾಲದಲ್ಲಿ ಕೈಗಿಂತ ಮೊದಲು ಆ ಬಟ್ಟೆಯೇ ಮನೆಯಿಂದ ಮಾಯವಾಗುತ್ತಿದೆ.

ಸಿದ್ಧ ಉಡುಪಿಗೆ ಇಂದಿಗೂ ಪೂರ್ತಿ ಸೋಲದಿರುವುದು ರವಿಕೆ ಒಂದೇ. ಒಬ್ಬರ ಮೈಗೆ ಒಪ್ಪುವುದು ಇನ್ನೊಬ್ಬರಿಗೆ ಒಪ್ಪದು. ಈ ಕಾರಣದಿಂದಲೇ ಬೀದಿಬೀದಿಗಳಲ್ಲಿ ರವಿಕೆ ಹೊಲಿದುಕೊಡುವ ಹೆಂಗಸರಿನ್ನೂ ಉಳಿದಿದ್ದಾರೆ. ಕತ್ತರಿ ಬಲ್ಲವಳು ರವಿಕೆಗೆ ತನ್ನ ದರವನ್ನು ತಾನೇ ಹೇಳುತ್ತಾಳೆ. ಬಾರದವಳು ಸೀರೆಗೆ ಫಾಲ್ ಹಚ್ಚಿ, ಕುಚ್ಚು ಕಟ್ಟಿ, ಅಂಗಡಿಯವನು ಕೊಟ್ಟಷ್ಟನ್ನು ತೆಗೆದುಕೊಳ್ಳುತ್ತಾಳೆ.