ಕಳ್ಳಬಸಿರಿನ ಗುಮಾನಿ: ಇಂಗ್ಲೆಂಡಿನ ನೆರೆಮನೆಯಿಂದ ಮೈಸೂರಿನ ಇಜಾರದವರೆಗೆ

ಮದುವೆಯಾಗದ ಹೆಣ್ಣು ಗುಟ್ಟಾಗಿ ಹೆತ್ತು ಕೂಸಿನ ಸಾವನ್ನು ಮುಚ್ಚಿಟ್ಟರೆ ಅದನ್ನು ಕೊಲೆಯೆಂದೇ ಎಣಿಸಬೇಕೆಂದು 1624ರ ಇಂಗ್ಲೆಂಡಿನ ಕಾನೂನು ವಿಧಿಸಿತ್ತು. ಕೂಸು ಸತ್ತೇ ಹುಟ್ಟಿತೆಂದು ಸಾಬೀತು ಮಾಡುವ ಹೊಣೆ ತಾಯಿಯದು. ಆರೋಪ ಹೊತ್ತವರಲ್ಲಿ ಬಹುಪಾಲು ಮನೆಗೆಲಸದ ಹುಡುಗಿಯರು. ನಡು ದಪ್ಪವಾದದ್ದನ್ನು ಮೊದಲು ಗುರುತಿಸುತ್ತಿದ್ದವರು ಒಡತಿ ಮತ್ತು ಅಕ್ಕಪಕ್ಕದ ಹೆಂಗಸರು. ಎದೆಯಲ್ಲಿ ಹಾಲಿದೆಯೇ ಎಂದು ಸೂಲಗಿತ್ತಿಯಿಂದ ಪರೀಕ್ಷೆ ಮಾಡಿಸುತ್ತಿದ್ದರು. ಕೂಸಿಗೆ ಮೊದಲೇ ಬಟ್ಟೆ ಹೊಲಿದಿಟ್ಟಿದ್ದಳೆಂದು ತೋರಿಸಿದರೂ ಪಾರಾಗುವ ದಾರಿಯಿತ್ತು.

ಚಿಕ್ಕಮಗಳೂರಿನ ಬೆಟ್ಟಸೀಮೆ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಇಂಥ ಗುಮಾನಿ ನ್ಯಾಯಾಲಯಕ್ಕಿಂತ ಮೊದಲು ಖಜಾನೆಯ ಬಾಗಿಲು ತಟ್ಟಿತು. 'ಸಮಯಾಚಾರ' ಎಂಬ ಬಾಬಿನಲ್ಲಿ, ಹೆಂಗಸರು ನಡತೆಗೆಟ್ಟರೆಂಬ ಆರೋಪಗಳಿಂದ ಬರುವ ಹುಟ್ಟುವಳಿಯನ್ನು ಸರ್ಕಾರ ಇಜಾರಕ್ಕೆ, ಅಂದರೆ ಗುತ್ತಿಗೆಗೆ, ಕೊಡುತ್ತಿತ್ತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇದರ ವಿವರ ಕೊಡುತ್ತದೆ. ಬ್ರಾಹ್ಮಣ, ಕೋಮಟಿ ಹೆಂಗಸರನ್ನು ಜಾತಿಯಿಂದ ಹೊರಹಾಕಿ ತೋಳಿಗೆ ಬರೆ ಹಾಕುತ್ತಿದ್ದರು. ಅವರು ಬದುಕಿರುವವರೆಗೆ ಇಜಾರದಾರನಿಗೆ ವರ್ಷವರ್ಷ ಹಣ ಕಟ್ಟಬೇಕು, ಸತ್ತರೆ ಆಸ್ತಿಯೂ ಅವನದೇ. ಉಳಿದ ಜಾತಿಗಳ ಹೆಂಗಸರನ್ನು, ನೆಂಟರು ಹಣ ತೆತ್ತು ಬಿಡಿಸಿಕೊಳ್ಳದಿದ್ದರೆ, ಮಾರಿಯೇ ಬಿಡುತ್ತಿದ್ದರು. ಇವರನ್ನು ಇರಿಸಲು ಬೆಂಗಳೂರು ಪೇಟೆಯಲ್ಲೇ ದೊಡ್ಡ ಕಟ್ಟಡವೊಂದಿತ್ತು. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆತ್ತಿಕೊಂಡ ಮೇಲೂ ಈ ವ್ಯಾಪಾರ ನಿಲ್ಲಿಸಲು 1833ರ ಜುಲೈಯಲ್ಲಿ ಪ್ರತ್ಯೇಕ ಘೋಷಣೆಯೇ ಬೇಕಾಯಿತು.

ನನ್ನ ಎಣಿಕೆಯಲ್ಲಿ ಎರಡು ವ್ಯವಸ್ಥೆಗಳ ಅಂತರ ಇಲ್ಲಿದೆ: ಇಂಗ್ಲೆಂಡಿನ ನೆರೆಯವಳಿಗೆ ಗುಮಾನಿಯಿಂದ ಕಾಸು ಸಿಗುತ್ತಿರಲಿಲ್ಲ, ಇಜಾರದಾರನಿಗೆ ಗುಮಾನಿಯೇ ಆದಾಯ. ಬಸಿರು ಮೈಮೇಲೆ ಕಾಣುವ ಪುರಾವೆ, ಬಚ್ಚಿಡದೆ ಬಸುರಿಗೆ ಗತಿಯಿರಲಿಲ್ಲ. ಬಸಿರು ಮಾಡಿದವನ ಹೆಸರು ಈ ಲೆಕ್ಕದಲ್ಲಿ ಬರುವುದೇ ಇಲ್ಲ!

ಇಜಾರ ಮುಗಿಯುವ ಹೊತ್ತಿಗೇ ಕ್ಯಾನನ್ ಎಂಬಾತ ಅದೇ ಚಿಕ್ಕಮಗಳೂರು ಸೀಮೆಯ ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ಕಾಫಿ ತೋಟ ಹಾಕಿದ್ದ. ಮುಂದೆ ಘಟ್ಟದ ಕೆಳಗಿನಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಗೋಡೆಗೆ ಗೋಡೆ ಹತ್ತಿಕೊಂಡ ಆಳುಗಳ ಲೈನು ಮನೆಗಳಲ್ಲಿ ಗುಟ್ಟು ಉಳಿಯುವುದು ದುಸ್ತರ. 1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟಗಳಿಗೂ ಅನ್ವಯಿಸಿತು. ಈಗ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಮದುವೆಯಾಗಿದೆಯೇ ಎಂದು ಕಾಯ್ದೆ ಕೇಳಲಿಲ್ಲ. ಬಸಿರನ್ನು ಬಾಯಿಬಿಟ್ಟು ಹೇಳಿದವಳಿಗೆ ಕೂಲಿ ಸಿಗುವಂತಾದದ್ದು ಸಣ್ಣ ಮಾತಲ್ಲ.

ದಂಡದ ಕಾನೂನು ಮಾತ್ರ ಅಷ್ಟು ಕದಲಲಿಲ್ಲ. 1803ರಲ್ಲಿ ಇಂಗ್ಲೆಂಡು 1624ರ ಕಾನೂನನ್ನು ಕೈಬಿಟ್ಟು, ಹೆರಿಗೆ ಮುಚ್ಚಿಟ್ಟವಳಿಗೆ ಎರಡು ವರ್ಷದವರೆಗಿನ ಸೆರೆವಾಸ ವಿಧಿಸಿತು. ಕೂಸಿನ ಶವವನ್ನು ಗುಟ್ಟಾಗಿ ಸಾಗಹಾಕಿ ಜನನ ಮರೆಮಾಚಿದವರಿಗೆ 1860ರ ಭಾರತೀಯ ದಂಡ ಸಂಹಿತೆಯ 318ನೇ ಕಲಮೂ ಅಷ್ಟೇ ಅವಧಿ ಇಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 94ನೇ ಕಲಮಿನಲ್ಲೂ ಶಿಕ್ಷೆ ಎರಡು ವರ್ಷದವರೆಗೆ.