ಮಲಾಡಿನ ಗದ್ದೆಗಳೂ ಅಂತಸ್ತಿನ ಬೇಸಾಯವೂ

ಸಾಷ್ಟಿ ದ್ವೀಪದ ಮಲಾಡ್ 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆಯೊಳಗೆ ಸೇರಿತು. ಅದಕ್ಕೆ ಮೊದಲು ಅದು ಭತ್ತದ ಗದ್ದೆ, ತರಕಾರಿಯ ಹಿತ್ತಿಲು, ಬೆಸ್ತರ ಕೊಪ್ಪಲುಗಳ ಸೀಮೆ. ಇಂದು ಅಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿದೆ. ಪಶ್ಚಿಮ ಮಲಾಡಿನ ಮೈಂಡ್‌ಸ್ಪೇಸ್ ಕಚೇರಿಗಳು ನಿಂತಿರುವ ನೆಲವಂತೂ ಒಂದು ಕಾಲಕ್ಕೆ ನಗರದ ಕಸ ಸುರಿಯುತ್ತಿದ್ದ ಜಾಗ. ಮನೆಗಳನ್ನು ಪೇರಿಸಿದಂತೆ ಬೆಳೆಯನ್ನೂ ಪೇರಿಸಬಾರದೇಕೆ ಎಂಬ ಪ್ರಶ್ನೆ ಇಂಥ ಊರಿನಲ್ಲಿ ಏಳುವುದು ಸಹಜವೇ.

ಈ ವಿಚಾರ ಲೋಕವಿಖ್ಯಾತವಾದುದು 1999ರಿಂದ ಈಚೆಗೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಡಿಕ್ಸನ್ ಡೆಸ್ಪೊಮಿಯರ್ ಅವರ ವಿದ್ಯಾರ್ಥಿಗಳು, ಮ್ಯಾನ್‌ಹಟನ್ನಿನ ಛಾವಣಿಗಳಲ್ಲೆಲ್ಲ ಬೆಳೆದರೂ ಅಲ್ಲಿನ ಶೇಕಡ 2ರಷ್ಟು ಜನಕ್ಕೆ ಮಾತ್ರ ಸಾಕಾದೀತೆಂದು ಲೆಕ್ಕ ಹಾಕಿದರು. ಆಗ ಗುರುಗಳು, ಬೆಳೆಯನ್ನು ಕಟ್ಟಡದೊಳಕ್ಕೇ ತಂದು ಅಂತಸ್ತುಗಳಲ್ಲಿ ಬೆಳೆಸೋಣವೆಂದರು. ಆದರೆ ಇದರ ತಾಯಿಬೇರು ಜಲಕೃಷಿ. ಆ ಚರಿತ್ರೆಯಲ್ಲಿ ನಮ್ಮ ದೇಶದ್ದೂ ಒಂದು ಅಧ್ಯಾಯವುಂಟು.

ಪೋಷಕ ಲವಣಗಳನ್ನು ಕರಗಿಸಿದ ನೀರಿನಲ್ಲಿ ಟೊಮೆಟೊ ಬೆಳೆದು ಜಲಕೃಷಿಗೆ ಹೆಸರು ತಂದವರು ಕ್ಯಾಲಿಫೋರ್ನಿಯದ ಗೆರಿಕ್. 1943ರ ಬಂಗಾಳದ ಕ್ಷಾಮದ ನೆನಪು ಮಾಸುವ ಮುನ್ನವೇ, 1946ರಲ್ಲಿ, ಷೋಲ್ಟೊ ಡಗ್ಲಸ್ ಎಂಬವರು ಕಾಲಿಂಪಾಂಗಿನಲ್ಲಿ ಅದನ್ನು ಪ್ರಯೋಗಿಸತೊಡಗಿದರು. ಪಾಶ್ಚಾತ್ಯರ ಪಂಪು ಕೊಳವೆಗಳು ಬಡವನ ಕೈಗೆ ಎಟುಕುವಂಥವಲ್ಲ. ಆದುದರಿಂದ ಅವರು ಜಲ್ಲಿ ಮರಳು ತುಂಬಿದ ಅಗ್ಗದ ತೊಟ್ಟಿಗಳಲ್ಲಿ ಒಣ ಲವಣವನ್ನು ಉದುರಿಸಿ ನೀರು ಹನಿಸುವ ಕ್ರಮವನ್ನು ರೂಪಿಸಿದರು. ಅದಕ್ಕೆ 'ಬಂಗಾಳ ಪದ್ಧತಿ' ಎಂದು ಹೆಸರಾಯಿತು. 1951ರಲ್ಲಿ ಅದನ್ನು ಕುರಿತ ಅವರ ಗ್ರಂಥವೂ ಹೊರಬಂದಿತು.

ಮುಂಬಯಿಯ ದಾರಿ ಬೇರೆ. 'ಹೆಚ್ಚು ಆಹಾರ ಬೆಳೆಯಿರಿ' ಯೋಜನೆಯ ಹೆಸರಿನಲ್ಲಿ ರೈಲ್ವೆಯವರು ಹಳಿಗಳ ಬದಿಯ ನೆಲವನ್ನು ತಮ್ಮ ನೌಕರರಿಗೆ ವಹಿಸಿದರು. ಪಾಲಕ್, ಬೆಂಡೆ ಬೆಳೆದವು. ಅಗ್ಗವಾಗಿ ಬಡವರ ಒಲೆಗೂ ತಲಪಿದವು. ಹಲವೆಡೆ ಉಣಿಸಿದ್ದು ಮಾತ್ರ ಚರಂಡಿಯ ನೀರು. 2002ರಲ್ಲಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ಛಾವಣಿಯ ಮೇಲೆ, ಅಡುಗೆಯ ಕಸವನ್ನೇ ಗೊಬ್ಬರ ಮಾಡಿ ತೋಟವೆಬ್ಬಿಸಿದುದು ಇದಕ್ಕಿಂತ ಶುಚಿಯಾದ ದಾರಿ.

ಇನ್ನು ಯಂತ್ರದ ಮಾತು. ಎಲ್‌ಇಡಿ ದೀಪವೇ ಸೂರ್ಯ. ನೀರು, ಲವಣ, ಉಷ್ಣಗಳನ್ನು ಯಂತ್ರವೇ ಅಳೆದು ಉಣಿಸುತ್ತದೆ. ನೀರಿನ ಉಳಿತಾಯ ಅಪಾರ, ಕೀಟನಾಶಕ ಬೇಕಿಲ್ಲ. ಆದರೆ ಪುಕ್ಕಟೆಯಾಗಿ ಬರುವ ಬಿಸಿಲಿಗೆ ಬದಲಾಗಿ ವಿದ್ಯುತ್ತಿಗೆ ಹಣ ತೆರಬೇಕು. ಆದ್ದರಿಂದಲೇ ಬೇಗ ಕೊಯ್ಯುವ, ಹೆಚ್ಚು ಬೆಲೆಯ ಸೊಪ್ಪುಗಳಿಗೆ ಮಾತ್ರ ಅದು ಒಗ್ಗಿದೆ, ಅಕ್ಕಿಗಲ್ಲ. ಅಮೆರಿಕದಲ್ಲೇ ಏರೋಫಾರ್ಮ್ಸ್ 2023ರಲ್ಲಿ ದಿವಾಳಿಯ ಅರ್ಜಿ ಹಾಕಿತು. 2024ರಲ್ಲಿ ಬೌರಿ ಬಾಗಿಲು ಮುಚ್ಚಿತು. ಹಳಿಬದಿಯ ಪಾಲಕ್ ಕೊಂಡವನಿಗೆ ಈ ಸೊಪ್ಪು ದಕ್ಕೀತೆಂದು ನನಗಂತೂ ತೋರುವುದಿಲ್ಲ.

ಚಪ್ಪರಕ್ಕೆ ಬಸಳೆಯನ್ನೂ ಅಡಿಕೆಮರಕ್ಕೆ ಮೆಣಸಿನ ಬಳ್ಳಿಯನ್ನೂ ಹಬ್ಬಿಸಿದ ಕರಾವಳಿಯವರಿಗೆ ಮೇಲಕ್ಕೆ ಬೆಳೆಸುವುದು ಹೊಸ ವಿದ್ಯೆಯೇನೂ ಅಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿರುವ 'ಅರ್ಕಾ' ಚೌಕಟ್ಟು ಕೇವಲ ಒಂದು ಚದರ ಮೀಟರು ನೆಲದಲ್ಲಿ ಹಂತಹಂತವಾಗಿ ಕುಂಡಗಳನ್ನು ಹೊರುತ್ತದೆ. ಮೇಲಿನ ಚೀಲದಿಂದ ನೀರು ತಾನಾಗಿ ಇಳಿಯುತ್ತದೆ. ಅದಕ್ಕೆ ದೀಪವೂ ಬೇಡ, ಪಂಪೂ ಬೇಡ. ಅದು ನ್ಯೂಯಾರ್ಕಿಗಿಂತ ಕಾಲಿಂಪಾಂಗಿಗೇ ಹತ್ತಿರ.